ಊರ ಬೆಟ್ಟ ನೋಡಿಕೊಳ್ಳುವುದು ಹೇಗೆ: ಸೊಪ್ಪಿಗೂ, ಹಕ್ಕಿಗೂ, ನಡೆದಾಡುವವರಿಗೂ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟ ಇದೆ ಎಂದರೆ ಅದರ ಮೇಲ್ಗಡೆ ಒಂದು ಸೊಪ್ಪಿನ ಬೆಟ್ಟವೂ ಇದೆ ಎಂದೇ ಅರ್ಥ. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಬ್ರಿಟಿಷರ ಕಾಲದಲ್ಲೇ ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ಬಾಗಾಯ್ತಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದರು. ತೋಟದ ಗೊಬ್ಬರಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ), ಒಲೆಗೆ ಸೌದೆ ತರಲು. ಇವತ್ತು ನೋಡಿದರೆ ಕೆಲವು ಬೆಟ್ಟಗಳಲ್ಲಿ ಬೋಳು ಗೂಟದಂಥ ಮರ, ಕೆಳಗೆ ಯುಪಟೋರಿಯಂ ಕಳೆಯ ಪೊದೆ. ಇನ್ನು ಕೆಲವು ಕಡೆ ಬೆಳಿಗ್ಗೆ ಹೋದರೆ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ರೆಕ್ಕೆ ಬಡಿಯುವ ಸದ್ದು ಕೇಳುತ್ತದೆ. ಮಣ್ಣು ಒಂದೇ, ಮಳೆ ಒಂದೇ. ಊರವರು ಕೂತು ಮಾತಾಡಿ ಒಂದು ಕಟ್ಟಳೆ ಮಾಡಿಕೊಂಡ ಕಡೆ ಬೆಟ್ಟ ಉಳಿದಿದೆ.

ನಮ್ಮದು ಶಿರಸಿಯಿಂದ ಸಿದ್ದಾಪುರದ ದಿಕ್ಕಿಗೆ ಒಂದು ಸಣ್ಣ ಊರು. ನಾಲ್ಕಾರು ಮನೆಗಳ ಬೆಟ್ಟ ಸೇರಿ ಸುಮಾರು 40 ಎಕರೆ. ತೋಟದ ಕೆಲಸದ ಜೊತೆಗೆ ಗ್ರಾಮ ಅರಣ್ಯ ಸಮಿತಿಯಲ್ಲೂ ಇದ್ದೇನೆ. ಬೇರೆ ಊರಿನವರು ಬಂದು "ಅಕ್ಕಾ, ನಾವೂ ಹೀಗೆ ಮಾಡಬೇಕು, ಎಲ್ಲಿಂದ ಶುರು ಮಾಡೋದು?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರ ತಿರುಳು ಇಷ್ಟೇ: ಎಲ್ಲಿ ಕಡಿಯುವುದು, ಎಲ್ಲಿ ನಡೆಯುವುದು, ಎಲ್ಲಿ ಕಾಲೇ ಇಡಬಾರದು ಎಂಬ ಮೂರು ಗೆರೆ ಮೊದಲು ಬೀಳಬೇಕು. ಬೆಟ್ಟ ಪೂರ್ತಿ ಎಲ್ಲರಿಗೂ ಬಿಟ್ಟರೆ ಯಾರಿಗೂ ಏನೂ ಉಳಿಯುವುದಿಲ್ಲ.

ಮೊದಲು ಕಾಗದ ನೋಡಿ

ಬೆಟ್ಟದ ಮೇಲೆ ನಮಗಿರುವುದು ಸೊಪ್ಪಿನ ಸವಲತ್ತು. ಜಾಗ ಸರ್ಕಾರದ್ದು. ಶೆಡ್ ಹಾಕುವುದು, ಜೆಸಿಬಿ ತಂದು ದಾರಿ ಕೊರೆಯುವುದು, ಮರ ಕಡಿಯುವುದು ಯಾವುದೂ ನಮ್ಮಿಷ್ಟಕ್ಕೆ ಮಾಡುವಂಥದ್ದಲ್ಲ. ಸರ್ವೆ ನಂಬರು, ನಕಾಶೆ ತೆಗೆಸಿ. ಜಿಲ್ಲೆಯಲ್ಲಿ ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ಎಂದು ಐದು ಅರಣ್ಯ ವಿಭಾಗ ಇವೆ. ನಿಮ್ಮೂರು ಯಾವ ವಿಭಾಗ, ಯಾವ ವಲಯ ಎಂದು ತಿಳಿದುಕೊಂಡು ಮೊದಲು ಗಾರ್ಡ್ ಹತ್ತಿರ, ಆಮೇಲೆ ವಲಯ ಅರಣ್ಯಾಧಿಕಾರಿ ಹತ್ತಿರ ಮಾತಾಡಿ. ಕಾಲುದಾರಿ ಸವರುವುದಕ್ಕೂ ಬರಹದಲ್ಲೇ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗ ಆದ ದಿನ ಮುಗಿಯುತ್ತದೆ.

1993ರ ಸರ್ಕಾರಿ ಆದೇಶದ ನಂತರ ನಮ್ಮ ಕಡೆ ಸುಮಾರು ಊರುಗಳಲ್ಲಿ ಗ್ರಾಮ ಅರಣ್ಯ ಸಮಿತಿ ಆಯಿತು. ಹಲವು ಈಗ ಹೆಸರಿಗೆ ಮಾತ್ರ ಇವೆ. ನಿಮ್ಮಲ್ಲೂ ಹಾಗೇ ಇದ್ದರೆ ಅದನ್ನೇ ಎಬ್ಬಿಸಿ, ಹೊಸ ಸಂಘ ಕಟ್ಟಲು ಹೋಗಬೇಡಿ. ಹಳೇ ಸಮಿತಿಗೆ ಇಲಾಖೆಯ ದಾಖಲೆಯಲ್ಲಿ ಜಾಗ ಇರುತ್ತದೆ.

ಕತ್ತಿ ಹಿಡಿಯುವ ಮುಂಚೆ ನಡೆಯಿರಿ

ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಬೆಟ್ಟ ಸುತ್ತಿ. ಅವಸರ ಬೇಡ. ಕೈಯಲ್ಲಿ ಒಂದು ದೊಡ್ಡ ಹಾಳೆ, ಪೆನ್ಸಿಲು ಇರಲಿ. ಏಪ್ರಿಲ್‌ನಲ್ಲೂ ನೀರು ಇರುವ ಒರತೆ ಎಲ್ಲಿದೆ, ಗೋಳಿ, ಬಸರಿ, ಅತ್ತಿ ಎಲ್ಲಿವೆ, ಪೊಟರೆ ಇರುವ ಹಳೇ ಮರ ಯಾವುದು, ಹುತ್ತ, ಮುಳ್ಳುಹಂದಿಯ ಬಿಲ, ಕಾಡುಕೋಣ ದಾಟುವ ಜಾಡು, ಚೌಡಿ ಕಲ್ಲು, ಹಳೇ ಕೆರೆಯ ಏರಿ. ಎಲ್ಲವನ್ನೂ ಗುರುತು ಹಾಕಿ.

ದರಕು ಗುಡಿಸಿ ತರುವ ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಬೆಟ್ಟ ಅಂಗೈಯಷ್ಟು ಪರಿಚಯ. ಯಾವ ಮರದಡಿ ಕಬ್ಬೆಕ್ಕಿನ ಹಿಕ್ಕೆ ಬೀಳುತ್ತದೆ, ಯಾವ ಬಂಡೆಯ ಮಗ್ಗುಲಲ್ಲಿ ಹೆಬ್ಬಾವು ಬಿಸಿಲು ಕಾಯಿಸುತ್ತದೆ ಎಂದು ಅವರೇ ತೋರಿಸುತ್ತಾರೆ. ನಮ್ಮ ಹಾಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಗುರುತು ಅವರು ಹೇಳಿದ್ದು.

ಗೆರೆ ಹಾಕುವುದು

ಹಳ್ಳದ ಎರಡೂ ಬದಿ ಕನಿಷ್ಠ 20 ಮೀಟರ್ ಯಾರಿಗೂ ಬೇಡ. ಅಲ್ಲಿ ಸೊಪ್ಪು ಇಲ್ಲ, ದರಕು ಇಲ್ಲ, ದಾರಿ ಇಲ್ಲ. ನೆರಳು, ತಂಪು, ನೀರು ಮೂರೂ ಇರುವುದು ಅಲ್ಲೇ. ಬೇಸಿಗೆಯಲ್ಲಿ ಬೆಟ್ಟದ ಪ್ರಾಣಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ನಿಮ್ಮ ಬೆಟ್ಟದ ಬುಡದಲ್ಲಿ ರಾಮಪತ್ರೆ ಜಾತಿಯ ಮರ ಇರುವ ಜಡ್ಡಿ ಇದ್ದರೆ, ಅಂದರೆ ಕೆಸರಿನಿಂದ ಬೇರುಗಳು ಮಂಡಿಯ ಹಾಗೆ ಮೇಲೆದ್ದಿರುವ ಜಾಗ ಇದ್ದರೆ, ಅದನ್ನು ಕಣ್ಣಿನ ಹಾಗೆ ಕಾಯಿರಿ. ಸಿದ್ದಾಪುರದ ಕತ್ತಲೆಕಾನಿನಲ್ಲಿ ಅಂಥದ್ದು ಉಳಿದಿದೆ. ಉಳಿದ ಬಹಳ ಕಡೆ ಗದ್ದೆ, ತೋಟ ಆಗಿಹೋಗಿದೆ. ಅಲ್ಲಿ ಕಾಲುವೆ ತೋಡಿ ನೀರು ಬಸಿದರೆ ಆ ಮರಗಳಿಗೆ ಉಳಿಗಾಲ ಇಲ್ಲ.

ಚೌಡಿ ಬನವೂ ಈ ಲೆಕ್ಕಕ್ಕೇ ಸೇರಬೇಕು. ವರ್ಷಕ್ಕೊಮ್ಮೆ ಪೂಜೆ ಮಾಡಿ, ಕಾಯಿ ಒಡೆಯಿರಿ, ಊರೆಲ್ಲ ಸೇರಿ ಊಟ ಮಾಡಿ. ಬನದ ಮರ ಕಡಿದು ಕಾಂಕ್ರೀಟ್ ಗುಡಿ ಕಟ್ಟುವುದು ಮಾತ್ರ ಬೇಡ. ಚೌಡಿ ಇಷ್ಟು ತಲೆಮಾರು ಮರದ ಬುಡದಲ್ಲೇ ಇದ್ದವಳು.

ತೋಟಕ್ಕೆ ಹತ್ತಿರದ ಇಳಿಜಾರು ಸೊಪ್ಪಿಗೆ ಇರಲಿ. ಹೊರುವ ಕಷ್ಟ ಕಮ್ಮಿ. ಊರಿನ ರಸ್ತೆಗೆ ತಾಗಿದ ಅಂಚಿನಿಂದ ಕಾಲುದಾರಿ ಶುರುವಾಗಲಿ. ಈ ಗೆರೆಗಳನ್ನು ಹಾಳೆಯ ಮೇಲೆ ಹಾಕಿ, ಸಭೆಯಲ್ಲಿ ಎಲ್ಲರ ಸಹಿ ಮಾಡಿಸಿ. ಜಗಳ ಆಗುವುದಾದರೆ ಈಗಲೇ ಆಗಲಿ, ಹಾಳೆಯ ಮೇಲೆ ಆಗಲಿ.

ಸೊಪ್ಪು ಕಡಿಯುವ ಕ್ರಮ

ಸೊಪ್ಪು ಕಡಿದರೆ ಕಾಡು ಹಾಳಾಗುತ್ತದೆ ಎಂದು ಪೇಟೆಯಿಂದ ಬಂದವರು ಹೇಳುತ್ತಾರೆ. ತಪ್ಪು ಕಡಿದರೆ ಹೌದು. ಸರಿಯಾಗಿ ಕಡಿದ ಬೆಟ್ಟದಲ್ಲಿ ಬಿಸಿಲು, ನೆರಳು ಎರಡೂ ಇರುತ್ತದೆ. ಚಿಟ್ಟೆ, ಕಾಡುಕೋಳಿ, ಕಾಡುಕುರಿ ಅಂಥ ಜಾಗಕ್ಕೆ ಬಂದೇ ಬರುತ್ತವೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರ ಕಡಿಯಲು ಬಿಡದೆ ಅಪ್ಪಿಕೊಂಡು ನಿಂತರಲ್ಲ, ಆ ಅಪ್ಪಿಕೋ ಚಳವಳಿಯವರು ಹೇಳಿದ್ದು "ಉಳಿಸು, ಬೆಳೆಸು, ಬಳಸು" ಎಂದು. ಬಳಸು ಎಂಬುದನ್ನು ಅವರು ಬಿಟ್ಟಿರಲಿಲ್ಲ. ಬೆಟ್ಟದಿಂದ ತೋಟಕ್ಕೆ ಏನೂ ಬರುವುದಿಲ್ಲ ಎಂದಾದರೆ ಅದನ್ನು ಕಾಯುವ ಜನರೂ ಇರುವುದಿಲ್ಲ.

ಬೆಟ್ಟವನ್ನು ಮೂರು ಪಾಲು ಮಾಡಿ. ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಹಸಿ ಸೊಪ್ಪು. ಉಳಿದ ಎರಡಕ್ಕೆ ರಜೆ. ಮತ್ತಿ, ಹೊನಗಲು, ಕೌಲು ಕಡಿದರೆ ಚೆನ್ನಾಗಿ ಚಿಗುರುತ್ತವೆ. ಹಲಸು, ಹೆಬ್ಬಲಸು, ನೇರಳೆ, ವಾಟೆ, ಮುರುಗಲು, ಉಪ್ಪಾಗೆ, ದಾಲ್ಚಿನ್ನಿ, ರಂಜಲು, ಬೈನೆ, ಮತ್ತೆ ಗೋಳಿ ಬಸರಿ ಅತ್ತಿ, ಇವಕ್ಕೆ ಕತ್ತಿ ತಾಗಿಸಬೇಡಿ.

ಕಡಿಯುವುದು ಹೇಗೆ ಎಂದು ನಾನು ಕಲಿತದ್ದು ನಮ್ಮಲ್ಲಿಗೆ ಸೊಪ್ಪಿಗೆ ಬರುವ ಹಿರಿಯರೊಬ್ಬರಿಂದ. ಅವರು ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿ ಮರ ಹತ್ತುತ್ತಾರೆ. ಮೊದಲು ಮೇಲೆ ನೋಡುತ್ತಾರೆ. ತುದಿಯ ಮೂರನೇ ಒಂದು ಭಾಗವನ್ನು ಕಣ್ಣಲ್ಲೇ ಅಳೆದು ಬಿಟ್ಟುಬಿಡುತ್ತಾರೆ. ಕೆಳಗಿನಿಂದ ಶುರು ಮಾಡಿ, ಹೆಬ್ಬೆರಳಿಗಿಂತ ದಪ್ಪ ಇರುವ ಟೊಂಗೆ ಮುಟ್ಟದೆ, ಅದರಿಂದ ಒಡೆದ ಸಣ್ಣ ಕವಲುಗಳನ್ನಷ್ಟೇ ತೆಗೆಯುತ್ತಾರೆ. ಸ್ವಲ್ಪ ದೊಡ್ಡದು ತೆಗೆಯಲೇಬೇಕಾದರೆ ಟೊಂಗೆಯ ಅಡಿಯಿಂದ ಮೊದಲು ಒಂದು ಏಟು, ಆಮೇಲೆ ಮೇಲಿನಿಂದ. ಹೀಗೆ ಮಾಡದಿದ್ದರೆ ಟೊಂಗೆ ಜಗ್ಗಿ ಬೀಳುವಾಗ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ಆ ಗಾಯಕ್ಕೆ ಮಳೆನೀರು ಇಳಿದು ಮರ ಒಳಗಿಂದ ಕೊಳೆಯುತ್ತದೆ. ಕಡಿದ ಬಾಯಿ ಓರೆಯಾಗಿರಬೇಕು, ನೀರು ಜಾರಿ ಹೋಗಬೇಕು. "ಅಮ್ಮಾ, ಮರದ ತಲೆ ತೆಗೆದ್ರೆ ಅದು ಮರ ಆಗಿ ಉಳಿಯೂದಿಲ್ಲ" ಎನ್ನುತ್ತಾರೆ ಅವರು. ಹೊಸಬರನ್ನು ಸೊಪ್ಪಿಗೆ ಕರೆದರೆ ಇದನ್ನು ಮರದ ಕೆಳಗೆ ನಿಂತು ಹೇಳಿಕೊಡಿ. ಇಂಥ ಕೆಲಸ ಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಅವರಿಗೆ ಕೂಲಿ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ದರಕಿನ ವಿಷಯಕ್ಕೆ ಬನ್ನಿ. ಬೇಸಿಗೆಯಲ್ಲಿ ನೆಲ ಕಾಣುವ ತನಕ ಗುಡಿಸುವ ಅಭ್ಯಾಸ ಬಿಡಬೇಕು. ಕಸಬರಿಗೆ ಬೇಡ, ಕೈಯಲ್ಲೋ ಕೋಲಿನಲ್ಲೋ ಮೇಲಿನ ಒಣ ಪದರ ಎಳೆದುಕೊಳ್ಳಿ, ಕೆಳಗಿನ ಕಪ್ಪು ಪದರ ಅಲ್ಲೇ ಇರಲಿ. ಜೂನ್ ಮಳೆ ಬಿದ್ದ ಮೇಲೆ ಗುಡಿಸದ ಜಾಗದಲ್ಲಿ ಒಂದು ಬೊಗಸೆ ದರಕು ಎತ್ತಿ ನೋಡಿ. ಬಿಳಿ ಎಳೆಯಂಥ ಬೂಷ್ಟು ಎಲೆಗಳನ್ನು ಒಂದಕ್ಕೊಂದು ಹೊಲಿದಿರುತ್ತದೆ. ಸಹಸ್ರಪದಿ ಸುರುಳಿ ಸುತ್ತಿಕೊಂಡಿರುತ್ತದೆ, ಉಗುರಿನಷ್ಟು ಕಪ್ಪೆ ಹಾರಿ ಹೋಗುತ್ತದೆ, ಹೆಬ್ಬಲಸಿನ ಬೀಜ ಬೇರು ಬಿಟ್ಟಿರುತ್ತದೆ. ಪಕ್ಕದಲ್ಲಿ ಗುಡಿಸಿದ ಜಾಗದಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು, ಅದರ ಮೇಲೆ ನೀರು ಕೊರೆದ ಗೀರು. ಇಷ್ಟು ತೋರಿಸಿದರೆ ಸಾಕು, ಯಾರಿಗೂ ಭಾಷಣ ಬೇಕಾಗುವುದಿಲ್ಲ.

ಕಳೆ ಕೀಳುವುದು

ಯುಪಟೋರಿಯಂ ಕೀಳಲು ಮಳೆಗಾಲವೇ ಸರಿ. ಜುಲೈ, ಆಗಸ್ಟ್‌ನಲ್ಲಿ ನೆಲ ಮೆತ್ತಗಿರುತ್ತದೆ, ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಕತ್ತಿಯಲ್ಲಿ ಸವರಿದರೆ ಬುಡದಿಂದ ನಾಲ್ಕು ಕವಲು ಹೊಡೆಯುತ್ತದೆ. ಏನೇ ಆದರೂ ಚಳಿಗಾಲದ ಹೂವಿಗಿಂತ ಮುಂಚೆ ಮುಗಿಸಬೇಕು. ಹೂ ಬಿಟ್ಟ ಮೇಲೆ ಕಿತ್ತರೆ ಬೀಜ ನಾವೇ ಬಟ್ಟೆಯಲ್ಲಿ ಹೊತ್ತು ಊರೆಲ್ಲ ಹರಡುತ್ತೇವೆ. ಬೇಸಿಗೆಯಲ್ಲಿ ಒಣಗಿ ನಿಂತ ಪೊದೆಗೆ ಬೆಂಕಿ ಬಿದ್ದರೆ ಅದನ್ನು ಹಿಡಿಯುವವರಿಲ್ಲ.

ಲಂಟಾನಕ್ಕೆ ಪಿಕಾಸಿ ಬೇಕು. ಕಾಂಡ ಮಣ್ಣಿಗೆ ಸೇರುವ ಜಾಗದಿಂದ ಎರಡು ಮೂರು ಇಂಚು ಕೆಳಗೆ ಬೇರು ಕಡಿದು, ಬುಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಿ. ಮಣ್ಣಿಗೆ ತಾಗಿದರೆ ಮತ್ತೆ ಚಿಗುರುತ್ತದೆ. ಒಂದೇ ವರ್ಷಕ್ಕೆ ಎಲ್ಲ ತೆಗೆದುಬಿಡುವ ಹುಮ್ಮಸ್ಸು ಬೇಡ. ಆ ಮುಳ್ಳುಪೊದೆಯಲ್ಲಿ ಪಿಕಳಾರ ಗೂಡು ಕಟ್ಟಿರುತ್ತದೆ, ಮೊಲ ಅಡಗಿರುತ್ತದೆ. ಸ್ವಲ್ಪ ಸ್ವಲ್ಪ ತೆಗೆಯುತ್ತಾ, ತೆಗೆದ ಕಡೆ ಊರ ಗಿಡ ಎದ್ದ ಮೇಲೆ ಮುಂದಕ್ಕೆ ಹೋಗಿ. ನೆರಳು ಬಂದರೆ ಎರಡೂ ಕಳೆ ತಾವಾಗಿಯೇ ಸೊರಗುತ್ತವೆ.

ಬೆಟ್ಟದ ಅಂಚಿಗೆ ಅಕೇಶಿಯಾ ನೆಡುತೋಪು ಇದ್ದರೆ ಅದನ್ನು ಒಮ್ಮೆಗೇ ಬೋಳಿಸಲು ಒತ್ತಾಯಿಸಬೇಡಿ. ಬಿಸಿಲು ಬಿದ್ದ ತಕ್ಷಣ ಯುಪಟೋರಿಯಂ ನುಗ್ಗುತ್ತದೆ. ಅಕೇಶಿಯಾ ಕೆಳಗೆ ಬಗ್ಗಿ ನೋಡಿದರೆ ನಮ್ಮ ಕಾಡಿನ ಸಸಿಗಳೇ ಎದ್ದಿರುವುದು ಎಷ್ಟೋ ಕಡೆ ಕಾಣುತ್ತದೆ. ಆ ಸಸಿಗಳ ಮೇಲಿರುವ ಅಕೇಶಿಯಾವನ್ನು ಮಾತ್ರ ಹಂತ ಹಂತವಾಗಿ ತೆಗೆಸಲು ಇಲಾಖೆಗೆ ಅರ್ಜಿ ಕೊಡಿ.

ನೆಡುವುದು ಕಮ್ಮಿ, ಬಿಡುವುದು ಜಾಸ್ತಿ

ಜೂನ್ 5ಕ್ಕೆ ಫೋಟೋ ತೆಗೆಸಿಕೊಂಡು ಸಸಿ ನೆಟ್ಟು ಹೋಗುವುದರಿಂದ ಬೆಟ್ಟಕ್ಕೆ ಏನೂ ಆಗುವುದಿಲ್ಲ. ಹತ್ತಿರದಲ್ಲಿ ತಾಯಿಮರ ಇದ್ದು, ದನ ನುಗ್ಗದಿದ್ದು, ಬೆಂಕಿ ಬೀಳದಿದ್ದರೆ ನಮ್ಮ ಮಳೆಗೆ ಕಾಡು ತಾನೇ ಏಳುತ್ತದೆ. ಮೊದಲು ಬೇಲಿ ಸರಿ ಮಾಡಿ, ದಣಪೆ (ಬೇಲಿಯ ಗಳದ ಬಾಗಿಲು) ಹಾಕಿ, ಎರಡು ಮಳೆಗಾಲ ಕಾಯಿರಿ. ಆಮೇಲೂ ಖಾಲಿ ಉಳಿದ ಜಾಗಕ್ಕೆ ಮಾತ್ರ ನೆಡಿ.

ಹೆಬ್ಬಲಸು, ಹಲಸು, ರಾಮಪತ್ರೆ, ನೇರಳೆಯ ಬೀಜ ಡಬ್ಬಿಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಕೆಲವೇ ದಿನಗಳಲ್ಲಿ ಜೀವ ಕಳೆದುಕೊಳ್ಳುತ್ತವೆ. ಹಣ್ಣು ಬಿದ್ದ ಹಾಗೇ ಆರಿಸಿ, ಮೃಗಶಿರಾ ಮಳೆ ಹಿಡಿದ ಮೇಲೆ ನೇರವಾಗಿ ನೆಲಕ್ಕೆ ಊರಿ, ಮೇಲೊಂದು ಹಿಡಿ ದರಕು ಮುಚ್ಚಿ. ಗೋಳಿ, ಬಸರಿಗೆ ಕೈ ದಪ್ಪದ ಗೂಟವನ್ನೇ ಮಳೆಗಾಲದ ಶುರುವಿಗೆ ಹುಗಿದರೆ ಬೇರು ಬಿಡುತ್ತದೆ. ಸುತ್ತ ಮುಳ್ಳು ಕಟ್ಟಿ. ಬೇರೆ ಮರಗಳಲ್ಲಿ ಹಣ್ಣಿಲ್ಲದ ಹೊತ್ತಿಗೂ ಈ ಜಾತಿಯ ಒಂದಲ್ಲ ಒಂದು ಮರ ಹಣ್ಣು ಬಿಟ್ಟಿರುತ್ತದೆ. ಮಂಗಟ್ಟೆ, ಕುಟ್ರಹಕ್ಕಿ, ಹಸಿರು ಪಾರಿವಾಳ, ಕೆಂಜಳಿಲು, ಬಾವಲಿ ಎಲ್ಲ ಅಲ್ಲಿಗೇ ಬರುತ್ತವೆ.

ಸತ್ತ ಮರ, ಪೊಟರೆ ಮರ ಸೌದೆಗೆ ತೆಗೆಯಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಮ್ಮಿಯೇ. ಮಂಗಟ್ಟೆ ಪೊಟರೆಯನ್ನು ತಾನೇ ಕೊರೆಯಲಾರದು. ದೊಡ್ಡ ಹಳೇ ಮರದಲ್ಲಿ ಇರುವ ಪೊಟರೆಯೇ ಬೇಕು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ಬೇಸಿಗೆ ಪೂರ್ತಿ ಆ ಸೀಳಿನಿಂದ ಹಣ್ಣು ಕೊಡುತ್ತದೆ. ಆ ಮರ ಹೋಯಿತೆಂದರೆ ಮುಂದಿನ ವರ್ಷ ಆ ಜೋಡಿಗೆ ಮನೆ ಇಲ್ಲ.

ಕರಾವಳಿಯವರಿಗೆ ಒಂದು ಮಾತು. ಹೊನ್ನಾವರ, ಭಟ್ಕಳದ ಕಡೆ ಗುಡ್ಡದ ತಲೆ ಬರೀ ಜಂಬಿಟ್ಟಿಗೆ ಹಾಸು. ಬೇಸಿಗೆಯಲ್ಲಿ ಬೋಳಾಗಿ ಕಾಣುತ್ತದೆ ಎಂದು ಅಲ್ಲಿ ಗುಂಡಿ ತೋಡಿ ಗಿಡ ನೆಡಬೇಡಿ. ಮಳೆಗಾಲದಲ್ಲಿ ಆ ಹಾಸಿನ ಮೇಲೆ ಏಳುವ ಹುಲ್ಲು, ಕಿರುಹೂ, ಹುಳ ತಿನ್ನುವ ಪುಟ್ಟ ಗಿಡಗಳು ಬೇರೆ ಕಡೆ ಅಷ್ಟಾಗಿ ಕಾಣುವುದಿಲ್ಲ. ನಮ್ಮ ಘಟ್ಟದ ಮೇಲಿನ ಬೇಣಗಳಿಗೂ ಇದೇ ಮಾತು. ಹುಲ್ಲು ಇರುವ ಕಡೆ ಹುಲ್ಲೇ ಇರಲಿ.

ಇಂಗುಗುಂಡಿ ತೋಡುವುದಾದರೆ ಬೋಳು ಇಳಿಜಾರಿನಲ್ಲಿ, ಅಡ್ಡಕ್ಕೆ, ಮರದ ಬೇರು ಕಡಿಯದ ಹಾಗೆ ತೋಡಿ. ದಟ್ಟ ಕಾನಿನೊಳಗೆ ಅದರ ಅಗತ್ಯವೇ ಇಲ್ಲ. ಹಳೇ ಕೆರೆಯ ಹೂಳು ತೆಗೆಯುವಾಗ ಒಂದು ಬದಿ ಸಾವಕಾಶ ಇಳಿಜಾರು ಬಿಡಿ. ನಾಲ್ಕೂ ಬದಿ ಕಡಿದಾಗಿದ್ದರೆ ಬಿದ್ದ ಪ್ರಾಣಿ ಹತ್ತಿ ಬರಲಾರದು.

ಬೆಂಕಿ

ಜನವರಿ ಮುಗಿಯುವುದರೊಳಗೆ ಬೆಂಕಿಗೆರೆ ಆಗಬೇಕು. ರಸ್ತೆ ಬದಿ, ಬೇಣದ ಅಂಚು, ಪಕ್ಕದ ಊರಿನ ಗಡಿ ಈ ಮೂರು ಕಡೆ ಮೂರು ಮೀಟರ್ ಅಗಲಕ್ಕೆ ಕರಡ (ಒಣಹುಲ್ಲು), ದರಕು ಎಳೆದು ಸ್ವಚ್ಛ ಮಾಡಿ. ಆ ದರಕು ಕೊಟ್ಟಿಗೆಗೆ ಹೋಗಲಿ. ಗುಡಿಸುವ ಆಸೆ ಇರುವವರೆಲ್ಲ ಇಲ್ಲಿ ನೆಲ ಕಾಣುವ ತನಕ ಗುಡಿಸಬಹುದು. ಮಾರ್ಚ್‌ಗೆ ಇನ್ನೊಮ್ಮೆ ಎಳೆಯಬೇಕು, ಎಲೆ ಮತ್ತೆ ಬಿದ್ದಿರುತ್ತದೆ. ಬೆಂಕಿ ಹಾಕಿದರೆ ಹುಲ್ಲು ಚೆನ್ನಾಗಿ ಬರುತ್ತದೆ ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಅವರ ಜೊತೆ ವಾದ ಮಾಡುವುದಕ್ಕಿಂತ ಅವರನ್ನೇ ಗೆರೆ ಕಾಯುವ ಗುಂಪಿಗೆ ಹಾಕಿಕೊಳ್ಳಿ. ಹಸಿ ಸೊಪ್ಪಿನ ಟೊಂಗೆ ಕೈಗೆ ಸಿಗುವ ಹಾಗೆ ಇರಲಿ, ಗಾರ್ಡ್ ನಂಬರು ಎಲ್ಲರ ಫೋನಿನಲ್ಲೂ ಇರಲಿ.

ಕಾಲುದಾರಿ

ಒಂದೇ ದಾರಿ ಸಾಕು. ಹೊರಟ ಕಡೆಗೇ ಬಂದು ಸೇರುವ ಸುತ್ತುದಾರಿ, ಒಂದೂವರೆ ಕಿಲೋಮೀಟರ್ ಆಸುಪಾಸು. ಮಕ್ಕಳು, ವಯಸ್ಸಾದವರು ನಿಧಾನಕ್ಕೆ ನಡೆದರೂ ಒಂದು ಗಂಟೆ ಚಿಲ್ಲರೆ. ಹೊಸದಾಗಿ ಕೊರೆಯಬೇಡಿ. ದರಕು ಹೊರುವ ದಾರಿ, ಹಳೇ ಗಾಡಿದಾರಿ ಇದ್ದೇ ಇರುತ್ತದೆ, ಅದನ್ನೇ ಜೋಡಿಸಿ. ಮೂರು ನಾಲ್ಕು ಅಡಿ ಅಗಲ ಇದ್ದರೆ ಇಬ್ಬರು ಮಾತಾಡಿಕೊಂಡು ಹೋಗಬಹುದು. ಅದಕ್ಕಿಂತ ಅಗಲ ಮಾಡಿದರೆ ಬೈಕು ಬರುತ್ತದೆ.

ಶಿರಸಿಗೆ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಳಿಜಾರಿಗೆ ನೆಟ್ಟಗೆ ದಾರಿ ಇಳಿಸಿದರೆ ಎರಡನೇ ವರ್ಷಕ್ಕೆ ಅದು ಹಳ್ಳ. ಅಡ್ಡಡ್ಡ ಹೋಗಲಿ. ನೀರು ಕೂಡುವ ಕಡೆ ದಾರಿಗೆ ಓರೆಯಾಗಿ ಕಲ್ಲಿನ ಸಾಲು ಹುಗಿದು ನೀರನ್ನು ಬದಿಗೆ ತಿರುಗಿಸಿ. ಸಿಮೆಂಟು ಬೇಡ.

ಮೊದಲ ಇನ್ನೂರು ಮೀಟರ್ ಆದಷ್ಟು ಸಮತಟ್ಟಾಗಿ ಇಟ್ಟುಕೊಂಡು, ಅದರ ತುದಿಗೆ ಕೂರಲು ಒಂದು ಕಲ್ಲುಹಾಸು ಮಾಡಿ. ಮಂಡಿನೋವಿನವರು ಅಲ್ಲಿಯವರೆಗೆ ಬರುತ್ತಾರೆ. ನಮ್ಮ ಅತ್ತೆಯವರು ಸಂಜೆ ಕೋಲು ಹಿಡಿದು ಅಲ್ಲಿಗೇ ಹೋಗಿ ಕೂರುತ್ತಾರೆ. ಮಾಡಿದ್ದು ಸಾರ್ಥಕ ಎಂದು ನನಗೆ ಅನ್ನಿಸುವುದು ಆಗ. ಜನ ಕೂರುವ ಜಾಗದ ಮೇಲೆ ಒಣಟೊಂಗೆ ಇದ್ದರೆ ತೆಗೆಸಿ. ಉಳಿದ ಕಡೆ ಒಣಟೊಂಗೆ ಮರಕುಟಿಗಕ್ಕೆ ಇರಲಿ.

ಮರಕ್ಕೆ ಮೊಳೆ ಹೊಡೆಯಬೇಡಿ, ಬಣ್ಣ ಬಳಿಯಬೇಡಿ. ಫಲಕ ಪ್ರತ್ಯೇಕ ಕಂಬಕ್ಕೆ. ಮರದ ಹೆಸರು ನಮ್ಮೂರಲ್ಲಿ ಹೇಳುವ ಹಾಗೇ ಬರೆಯಿರಿ, ಕೆಳಗೆ ಒಂದೇ ಸಾಲು. "ಉಪ್ಪಾಗೆ. ಸಿಪ್ಪೆ ಹುಳಿಗೆ, ಬೀಜದಿಂದ ತುಪ್ಪ." ಇಷ್ಟೇ ಸಾಕು. ಶಾಲೆ ಮಕ್ಕಳು ಬಂದಾಗ ದಾಲ್ಚಿನ್ನಿ ಎಲೆ ಮುರಿದು ಮೂಸಲು ಕೊಡಿ, ಬಿದ್ದ ರಂಜಲ ಹೂ ಆರಿಸಲು ಬಿಡಿ, ಕೆಂಜಳಿಲಿನ ಎಲೆಗೂಡು ತೋರಿಸಿ. ಹುಲಿ, ಚಿರತೆ ಕಾಣಲಿಲ್ಲ ಎಂದು ಯಾವ ಮಗುವೂ ಬೇಜಾರು ಮಾಡಿಕೊಂಡಿದ್ದು ನಾನು ನೋಡಿಲ್ಲ.

ಕಟ್ಟಳೆ ಗಟ್ಟಿಯಾಗಿರಲಿ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಮಾತ್ರ. ಒಮ್ಮೆಗೆ ಹತ್ತು ಹನ್ನೆರಡು ಜನ. ಸ್ಪೀಕರ್ ಇಲ್ಲ. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಕರೆಯುವುದು ಇಲ್ಲ, ಗೂಡು ಕಟ್ಟುವ ಹೊತ್ತಿನಲ್ಲಿ ಅದು ದೊಡ್ಡ ಹಿಂಸೆ. ನಾಯಿ ತರುವುದಿಲ್ಲ. ಪೊಟರೆಯಲ್ಲಿ ಮಂಗಟ್ಟೆ ಕೂತ ಮರ ದಾರಿಗೆ ಹತ್ತಿರ ಇದ್ದರೆ ಮರಿ ಹಾರುವ ತನಕ ಆ ತುಂಡು ಬಂದ್. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ದಾರಿ ಪೂರ್ತಿ ಮುಚ್ಚಿ. ಇಂಬಳದ (ಜಿಗಣೆಯ) ಕಾಟ ಒಂದು ಕಡೆ ಇರಲಿ, ಒದ್ದೆ ನೆಲದ ಮೇಲೆ ಕಾಲು ಬಿದ್ದಷ್ಟೂ ದಾರಿ ಹಾಳಾಗುತ್ತದೆ, ಸಸಿ ಏಳುವ ಕಾಲವೂ ಅದೇ. ಹೋಮ್‌ಸ್ಟೇ ನಡೆಸುವವರು ಮಳೆಗಾಲದಲ್ಲೇ ಅತಿಥಿಗಳು ಬರುವುದು ಎನ್ನುತ್ತಾರೆ. ಅವರಿಗೆ ತೋಟ ತೋರಿಸಲಿ, ಗದ್ದೆ ತೋರಿಸಲಿ.

ಮಂಗನ ಕಾಯಿಲೆ

ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಮ್ಮ ಕಡೆ ಯಾರೂ ಕಾಡಿನ ದಾರಿ ನಡೆಸಬಾರದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಸಿದ್ದಾಪುರ ತಾಲೂಕಿನಲ್ಲಿ ಜೀವಗಳೂ ಹೋಗಿವೆ. ಉಣುಗು (ಉಣ್ಣೆ) ಕಚ್ಚುವುದರಿಂದ ಬರುತ್ತದೆ, ನವೆಂಬರ್‌ನಿಂದ ಮೇ ತನಕ ಜಾಸ್ತಿ. ಅಂದರೆ ಜನ ನಡೆದಾಡಲು ಬರುವ ಕಾಲ, ನಾವು ದರಕು ತರುವ ಕಾಲ.

ಬೆಟ್ಟದಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಸತ್ತ ಮಂಗನ ಮೈ ಬಿಟ್ಟ ಉಣುಗು ಸುತ್ತಲೇ ಇರುತ್ತದೆ. ತಕ್ಷಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಗಾರ್ಡ್‌ಗೆ ತಿಳಿಸಿ. ಅದೇ ದಿನ ದಣಪೆ ಹಾಕಿ ದಾರಿ ಮುಚ್ಚಿ, ಆರೋಗ್ಯ ಇಲಾಖೆಯವರು ಹೇಳುವ ತನಕ ತೆಗೆಯಬೇಡಿ. ಸೊಪ್ಪು, ದರಕಿನ ಕೆಲಸವೂ ಅಲ್ಲಿ ನಿಲ್ಲಬೇಕು. ಬೇರೆ ದಿನಗಳಲ್ಲೂ ಬೆಟ್ಟಕ್ಕೆ ಹೋಗುವವರು ಮೈ ತುಂಬ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಲಿ. ದರಕಿನ ಮೇಲೆ ಕೂರುವುದು ಬೇಡ. ಮನೆಗೆ ಬಂದವರು ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಮಲಗಬೇಡಿ, ಬೆಟ್ಟಕ್ಕೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಿ. ದಾರಿಯ ಬಾಯಲ್ಲಿರುವ ಫಲಕದಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಬಂದವರು ಹೆದರಿ ವಾಪಸ್ ಹೋದರೂ ಅಡ್ಡಿಯಿಲ್ಲ.

ಹಣ್ಣು, ಉರುಳು, ಜಗಳ

ಉಪ್ಪಾಗೆ, ಮುರುಗಲಿಗೆ ರೇಟು ಬಂದ ವರ್ಷ ಜನ ಕಾಯಿ ಇರುವಾಗಲೇ ಟೊಂಗೆ ಮುರಿದು ಕೊಯ್ಯುತ್ತಾರೆ. ಬೇರೆಯವರು ಕೊಯ್ದುಬಿಡುತ್ತಾರೆ ಎಂಬ ಆತಂಕ. ಅದಕ್ಕೆ ಸಮಿತಿ ಕೊಯ್ಲಿನ ದಿನ ಗೊತ್ತುಮಾಡಬೇಕು. ಆ ದಿನಕ್ಕಿಂತ ಮುಂಚೆ ಯಾರೂ ಕೊಯ್ಯುವಂತಿಲ್ಲ, ಮೂರರಲ್ಲಿ ಒಂದು ಪಾಲು ಮರದಲ್ಲೇ ಮಂಗ, ಕಬ್ಬೆಕ್ಕಿಗೆ ಬಿಡಬೇಕು. ಉಪ್ಪಾಗೆ ಒಣಗಿಸಲು ಮಳೆಗಾಲದಲ್ಲಿ ರಾಶಿ ರಾಶಿ ಸೌದೆ ಸುಡುತ್ತೇವೆ. ಊರಿಗೆ ಒಂದು ಒಳ್ಳೆಯ ಡ್ರೈಯರ್ ಹಾಕಿಕೊಂಡರೆ ಅಷ್ಟು ಮರ ಉಳಿಯಿತು.

ಬೆಟ್ಟದಲ್ಲಿ ಹಣ್ಣಿನ ಮರ ಬೆಳೆಸಿದರೆ ಮಂಗ ತೋಟಕ್ಕೆ ಬರುವುದಿಲ್ಲ ಎಂದು ಕೆಲವರು ಆಸೆ ಹುಟ್ಟಿಸುತ್ತಾರೆ. ಬಂದೇ ಬರುತ್ತವೆ. ಸುಳ್ಳು ಭರವಸೆ ಕೊಟ್ಟರೆ ಮುಂದಿನ ಸಭೆಗೆ ಜನ ಬರುವುದಿಲ್ಲ. ತೋಟ, ಗದ್ದೆ ಕಾಯುವುದು ಬೇರೆ ಕೆಲಸ. ಕಾಡುಪ್ರಾಣಿ ಬೆಳೆ ಹಾಳು ಮಾಡಿದರೆ ಪರಿಹಾರಕ್ಕೆ ಅರ್ಜಿ ಬರೆಯಲು ಸಮಿತಿಯ ಹುಡುಗರೇ ನೆರವಾಗಲಿ. ಆದರೆ ಹಂದಿಗೆಂದು ಉರುಳು ಹಾಕುವುದಕ್ಕೆ, ತಂತಿಗೆ ಕರೆಂಟು ಕೊಡುವುದಕ್ಕೆ ಯಾರಿಗೂ ರಿಯಾಯಿತಿ ಇಲ್ಲ. ಉರುಳಿಗೆ ಚಿರತೆಯೂ ಬೀಳುತ್ತದೆ, ಕರೆಂಟಿಗೆ ಮನುಷ್ಯರೂ ಸಾಯುತ್ತಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಜೈಲು ಇದೆ ಎಂದು ಸಭೆಯಲ್ಲಿ ಸ್ಪಷ್ಟವಾಗಿ ಹೇಳಿ.

ಪುಸ್ತಕ ಮತ್ತು ಸಭೆ

ಒಂದು ಇನ್ನೂರು ಪುಟದ ನೋಟುಪುಸ್ತಕ ಇಡಿ. ಯಾವ ಮರ ಯಾವ ವಾರ ಹೂ ಬಿಟ್ಟಿತು, ಒರತೆ ಎಂದು ಬತ್ತಿತು, ಯಾವ ಪಾಲಿನಲ್ಲಿ ಸೊಪ್ಪು ಕಡಿದದ್ದು, ಎಲ್ಲಿ ಬೆಂಕಿ, ಏನು ಕಂಡಿತು. ಹೈಸ್ಕೂಲು ಮಕ್ಕಳಿಗೆ ಬರೆಯಲು ಕೊಡಿ, ಅವರು ಚೆನ್ನಾಗಿ ಬರೆಯುತ್ತಾರೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಇರಬೇಕು. ನಿಮ್ಮ ಪುಸ್ತಕ ಅಲ್ಲಿಗೆ ಸೇರಲಿ. ಬೆಟ್ಟದಲ್ಲಿ ನಾಳೆ ಯಾರಾದರೂ ಕ್ವಾರಿಯೋ, ರೆಸಾರ್ಟೋ ಮಾಡಲು ಬಂದರೆ ನಮ್ಮ ಕೈಯಲ್ಲಿ ಇರುವ ಸಾಕ್ಷಿ ಅದೊಂದೇ. ಮರ, ಗಿಡ ಗುರುತು ಸಿಗದಿದ್ದರೆ ಶಿರಸಿಯ ಅರಣ್ಯ ಕಾಲೇಜಿನವರನ್ನು ಕೇಳಬಹುದು.

ದೊಡ್ಡ ಸಭೆ ವರ್ಷಕ್ಕೆ ಎರಡು ಸಾಕು. ಮೇ ಕೊನೆಗೆ ಒಂದು: ಈ ವರ್ಷ ಸೊಪ್ಪು ಯಾವ ಪಾಲಿನಲ್ಲಿ, ಕಳೆ ಎಲ್ಲಿ ಕೀಳುವುದು, ಬೀಜ ಯಾರು ಆರಿಸುವುದು, ಉಪ್ಪಾಗೆ ಎಂದು ಕೊಯ್ಯುವುದು. ಡಿಸೆಂಬರ್‌ಗೆ ಇನ್ನೊಂದು: ಬೆಂಕಿಗೆರೆ ಯಾರ ಪಾಲಿಗೆ ಎಷ್ಟು, ಡೆಪಾ ಎಣ್ಣೆ ತರುವುದು ಯಾರು. ಸಭೆಯನ್ನು ಸಂಜೆ ನಾಲ್ಕಕ್ಕೆ ಇಡಬೇಡಿ, ಅದು ಹಾಲು ಕರೆಯುವ ಹೊತ್ತು. ರಾತ್ರಿ ಊಟ ಆದ ಮೇಲೆ, ಯಾರದಾದರೂ ಮನೆಯ ಅಂಗಳದಲ್ಲಿ ಸೇರಿ. ಸೊಪ್ಪು ಕಡಿಯುವವರೂ ದರಕು ಹೊರುವ ಹೆಂಗಸರೂ ಬಂದ ಮೇಲೆಯೇ ಮಾತು ಶುರು ಮಾಡಿ, ಅವರ ಸಹಿಯನ್ನೂ ಪುಸ್ತಕದಲ್ಲಿ ಮಾಡಿಸಿ.